ಸ್ಥಿರವಲ್ಲದ ಸ್ಥಿರಾಂಕ: ತರಂಗವಿಭಜಕ ದ್ರವ್ಯಗಳ ಗಣಕಾನುಕರಣವನ್ನು ಕುರಿತು ಒಂದು ವಿಮರ್ಶೆ

ಪರಾವೈದ್ಯುತ ಸ್ಥಿರಾಂಕವೆಂದು ನಮ್ಮ ಪಠ್ಯಪುಸ್ತಕಗಳು ಕರೆಯುವ ರಾಶಿಯು ಸ್ಥಿರಾಂಕವಲ್ಲವೆಂಬುದು ಹೊಸ ಸಂಗತಿಯೇನೂ ಅಲ್ಲ. ನೀರಿಗೆ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ಬೆಲೆ ಸುಮಾರು 78 ಎಂದು ಕೋಷ್ಟಕವು ಹೇಳುತ್ತದೆ. ಅದೇ ನೀರಿನ ವಕ್ರೀಭವನಾಂಕವು ಹಳದಿ ಬೆಳಕಿಗೆ 1.33, ಅದರ ವರ್ಗವು 1.77. ಇವೆರಡೂ ಸಮನಾಗಿರತಕ್ಕದ್ದೆಂದು ಮ್ಯಾಕ್ಸ್‌ವೆಲ್ಲನ ಸಿದ್ಧಾಂತವು ವಿಧಿಸುತ್ತದೆ. ತರಗತಿಯಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ಪ್ರತಿವರ್ಷವೂ ಈ ವೈಷಮ್ಯವನ್ನು ಎತ್ತಿ ತೋರಿಸುತ್ತಾನೆ; ಮೊದಲನೆಯ ಬೆಲೆಯು ಬಹು ನಿಧಾನವಾಗಿ ಬದಲಾಗುವ ಕ್ಷೇತ್ರಕ್ಕೆ ಸಂಬಂಧಿಸಿದ್ದು, ಎರಡನೆಯದು ಬೆಳಕಿನ ಆವೃತ್ತಿಗೆ ಸಂಬಂಧಿಸಿದ್ದು ಎಂದು ಅಧ್ಯಾಪಕನು ಸಮಾಧಾನ ಹೇಳುತ್ತಾನೆ. ಸಮಾಧಾನವು ಸರಿಯಾದುದೇ. ಆದರೆ ಅದೇ ವಿದ್ಯಾರ್ಥಿಯು ಮೂರು ವರ್ಷಗಳ ತರುವಾಯ ಗಣಕಯಂತ್ರದ ಮುಂದೆ ಕುಳಿತಾಗ ಅದನ್ನು ಪೂರ್ತಿಯಾಗಿ ಮರೆತಿರುತ್ತಾನೆ. ಕೆಲವು ವೇಳೆ ಅಧ್ಯಾಪಕನೂ ಮರೆತಿರುತ್ತಾನೆ.

ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಮಾರತ್ತಹಳ್ಳಿಗೂ ವೈಟ್‌ಫೀಲ್ಡಿಗೂ ನಡುವೆ ಇರುವ ಕುಂದಲಹಳ್ಳಿಯು ಒಂದು ಕಾಲಕ್ಕೆ ಕೆರೆ ಹೊಲಗಳ ಊರು. ಇಂದು ಅದರ ಸುತ್ತಲೂ ತಂತ್ರಾಂಶ ಸಂಸ್ಥೆಗಳ ಕಟ್ಟಡಗಳೂ ಇಂಜಿನಿಯರಿಂಗ್ ಕಾಲೇಜುಗಳೂ ಒತ್ತಾಗಿ ನಿಂತಿವೆ. ಆ ಭಾಗದ ಕಾಲೇಜುಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಸಿದ್ಧಪಡಿಸಿದ ಯೋಜನಾವರದಿಗಳನ್ನು ಪರೀಕ್ಷಕನಾಗಿ ಓದುವ ಅವಕಾಶವು ಈ ಲೇಖಕನಿಗೆ ಹಲವು ಸಲ ಒದಗಿದೆ. ಆಂಟೆನಾಗಳು, ಶೋಷಕ ಹಲಗೆಗಳು, ದೇಹದ ಮೇಲೆ ಧರಿಸುವ ಉಪಕರಣಗಳು, ನೆಲದೊಳಗನ್ನು ನೋಡುವ ರೇಡಾರ್ ಮುಂತಾದ ವಿಷಯಗಳು ಅವುಗಳಲ್ಲಿ ಪದೇ ಪದೇ ಬರುತ್ತವೆ. ವರದಿಗಳು ಅಂದವಾಗಿವೆ. ಕೆಂಪಿನಿಂದ ನೀಲಿಯವರೆಗೆ ಬಣ್ಣ ತುಂಬಿದ ಕ್ಷೇತ್ರಚಿತ್ರಗಳು ಪುಟಪುಟಕ್ಕೂ ಇವೆ. ಆದರೆ ಆ ಚಿತ್ರಗಳಿಗೆ ಆಧಾರವಾದ ದ್ರವ್ಯದ ವಿಷಯವಾಗಿ ಸಾಮಾನ್ಯವಾಗಿ ಒಂದೇ ಒಂದು ಸಾಲು ಇರುತ್ತದೆ. ಆ ಸಾಲಿನಲ್ಲಿ ಒಂದೇ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು, ಯಾವ ಆವೃತ್ತಿಗೆ ಸಲ್ಲುತ್ತದೆ ಎಂಬ ವಿಚಾರವಿಲ್ಲ. ಈ ಒಂದು ಸಾಲಿನ ಹಿಂದೆ ಎಷ್ಟು ಭೌತವಿಜ್ಞಾನವು ಅಡಗಿದೆ, ಅದನ್ನು ಬಿಟ್ಟಾಗ ಆಗುವ ನಷ್ಟವೇನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಪಾರಿಭಾಷಿಕ ಪದವನ್ನು ಕುರಿತು ಎರಡು ಮಾತು. ಆವೃತ್ತಿಯು ಬದಲಾದಂತೆ ತರಂಗದ ವೇಗವು ಬದಲಾಗುವ ಗುಣವನ್ನು ಬೆಳಕಿನ ಪ್ರಕರಣದಲ್ಲಿ ವರ್ಣವಿಭಜನೆ ಎನ್ನುವುದು ರೂಢಿ. ರೇಡಿಯೋ ತರಂಗಕ್ಕೂ ಸೂಕ್ಷ್ಮತರಂಗಕ್ಕೂ ವರ್ಣವಿಲ್ಲವಾದ್ದರಿಂದ ಇಲ್ಲಿ ತರಂಗವಿಭಜನೆ ಎಂಬ ಮಾತನ್ನೂ, ಆ ಗುಣವುಳ್ಳ ವಸ್ತುವಿಗೆ ವಿಭಜಕ ದ್ರವ್ಯ ಎಂಬ ಮಾತನ್ನೂ ಬಳಸುತ್ತೇನೆ. ಇವಕ್ಕಿಂತ ಒಳ್ಳೆಯ ಪದಗಳು ದೊರೆತರೆ ವಾಚಕರು ಬದಲಾಯಿಸಿಕೊಳ್ಳಬಹುದು.

ವಿಭಜನೆಗೆ ಮೂಲಕಾರಣವು ದ್ರವ್ಯದ ಜಡತ್ವ. ನೀರಿನ ಅಣುವಿಗೆ ಶಾಶ್ವತವಾದ ವಿದ್ಯುದ್ವಿಧ್ರುವವಿದೆ. ಹೊರಗಿನ ಕ್ಷೇತ್ರವು ಬಿದ್ದಾಗ ಅದು ಕ್ಷೇತ್ರದ ದಿಕ್ಕಿಗೆ ತಿರುಗಲು ಯತ್ನಿಸುತ್ತದೆ. ಆದರೆ ನೆರೆಯ ಅಣುಗಳ ನಡುವೆ ಸಿಕ್ಕಿಕೊಂಡಿರುವ ಕಾರಣ ಕೂಡಲೇ ತಿರುಗಲಾರದು. ಹೀಗೆ ಹಿಂದುಳಿಯುವ ಕಾಲವನ್ನು ಪೀಟರ್ ಡಿಬೈ ವಿಶ್ರಾಂತಿಕಾಲವೆಂಬ ಒಂದೇ ರಾಶಿಯಿಂದ ನಿರೂಪಿಸಿದನು. ನೀರಿಗೆ 25 ಡಿಗ್ರಿಯಲ್ಲಿ ಅದು ಸುಮಾರು 8.3 ಪಿಕೋಸೆಕೆಂಡು. ಕ್ಷೇತ್ರವು ಇದಕ್ಕಿಂತ ಬಹಳ ನಿಧಾನವಾಗಿ ಆಂದೋಲಿಸಿದರೆ ಅಣುಗಳು ಅದನ್ನು ಅನುಸರಿಸುತ್ತವೆ. ಬಹಳ ಶೀಘ್ರವಾಗಿ ಆಂದೋಲಿಸಿದರೆ ಅಲುಗದೆ ನಿಲ್ಲುತ್ತವೆ. ನಡುವೆ, ಸುಮಾರು 20 ಗಿಗಾಹರ್ಟ್ಸಿನ ಬಳಿ, ಅವು ಅರ್ಧ ಅನುಸರಿಸಿ ಅರ್ಧ ತಡೆಯುತ್ತವೆ. ಆಗ ಕ್ಷೇತ್ರದ ಶಕ್ತಿಯು ಶಾಖವಾಗಿ ವ್ಯಯವಾಗುತ್ತದೆ. ಆ ಆವೃತ್ತಿಯಲ್ಲಿ ಸ್ಥಿರಾಂಕದ ನೈಜಭಾಗವು 78ರಿಂದ ಸುಮಾರು 40ಕ್ಕೆ ಇಳಿದಿರುತ್ತದೆ. ತರಂಗದ ವಿಸ್ತಾರವು ನೀರಿನಲ್ಲಿ ಒಂದು ಮಿಲಿಮೀಟರಿನೊಳಗೇ ಮೂರನೆಯ ಒಂದು ಭಾಗದಷ್ಟಾಗಿ ಕುಗ್ಗುತ್ತದೆ. 78 ಎಂಬ ಒಂದೇ ಸಂಖ್ಯೆಯನ್ನು ಇಟ್ಟುಕೊಂಡು ಈ ಆವೃತ್ತಿಯಲ್ಲಿ ಲೆಕ್ಕ ಮಾಡಿದವನಿಗೆ ತರಂಗವು ನೀರಿನೊಳಗೆ ಎಷ್ಟು ದೂರವಾದರೂ ಕುಗ್ಗದೆ ಸಾಗುವಂತೆ ಕಾಣುವುದು.

ಇನ್ನು ಗಣಕದ ವಿಧಾನ. 1966ರಲ್ಲಿ ಕೇನ್ ಯೀ ಎಂಬ ವಿದ್ವಾಂಸನು ಮ್ಯಾಕ್ಸ್‌ವೆಲ್ಲನ ಅವಕಲ ಸಮೀಕರಣಗಳನ್ನು ನೇರವಾಗಿ ಅಂಕಗಣಿತಕ್ಕೆ ಇಳಿಸುವ ಒಂದು ಉಪಾಯವನ್ನು ಪ್ರಕಟಿಸಿದನು. ಅವಕಾಶವನ್ನು ಚಿಕ್ಕ ಚಿಕ್ಕ ಘನಕೋಶಗಳಾಗಿ ಒಡೆಯುವುದು. ವಿದ್ಯುತ್‌ಕ್ಷೇತ್ರದ ಘಟಕಗಳನ್ನು ಕೋಶದ ಅಂಚುಗಳ ಮೇಲೂ, ಕಾಂತಕ್ಷೇತ್ರದ ಘಟಕಗಳನ್ನು ಮುಖಗಳ ಮೇಲೂ ಇರಿಸುವುದು. ಒಂದನ್ನು ಪೂರ್ಣ ಹೆಜ್ಜೆಯಲ್ಲಿ, ಮತ್ತೊಂದನ್ನು ಅರ್ಧ ಹೆಜ್ಜೆಯಲ್ಲಿ ಕಾಲಕ್ರಮವಾಗಿ ಮುಂದಕ್ಕೆ ನಡೆಸುವುದು. ಇಬ್ಬರು ಗಾಡಿಯನ್ನು ಸರದಿಯ ಮೇಲೆ ಒಂದೊಂದು ಗೇಣು ತಳ್ಳುವಂತೆ ಈ ಎರಡು ಕ್ಷೇತ್ರಗಳು ಒಂದನ್ನೊಂದು ಮುಂದೂಡುತ್ತವೆ. ಉಪಾಯವು ಎಷ್ಟು ಸರಳವೋ ಅಷ್ಟೇ ಗಟ್ಟಿಯಾದುದು. ಯೀಯ ಮೂಲಲೇಖನದಲ್ಲಿ ಕಾಲದ ಹೆಜ್ಜೆಗೆ ಕೊಟ್ಟಿದ್ದ ಮಿತಿಯು ಸರಿಯಾಗಿರಲಿಲ್ಲ. 1975ರಲ್ಲಿ ಟಾಫ್ಲೋವ್ ಮತ್ತು ಬ್ರಾಡ್ವಿನ್ ಎಂಬುವರು ಅದನ್ನು ತಿದ್ದಿದರು. ಎಫ್‌ಡಿಟಿಡಿ ಎಂಬ ಈಗಿನ ಹೆಸರನ್ನು ಟಾಫ್ಲೋವನು 1980ರಲ್ಲಿ ಇಟ್ಟನು. ಮೂಲಲೇಖನದಲ್ಲಿಯೇ ಇಂತಹ ದೋಷವಿದ್ದರೂ ವಿಧಾನವು ಉಳಿದು ಬೆಳೆಯಿತೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ; ಮುದ್ರಿತವಾದುದೆಲ್ಲವೂ ಪ್ರಮಾಣವೆಂಬ ಭ್ರಾಂತಿಯು ಅದರಿಂದ ಸ್ವಲ್ಪ ಕಡಮೆಯಾದೀತು.

ಯೀಯ ಜಾಲಕ್ಕೆ ತನ್ನದೇ ಆದ ಒಂದು ದುರ್ಗುಣವಿದೆ. ಏನೂ ಇಲ್ಲದ ಶೂನ್ಯಾವಕಾಶದಲ್ಲಿಯೂ ಅದು ತರಂಗವನ್ನು ವಿಭಜಿಸುತ್ತದೆ. ಒಂದು ತರಂಗದೂರಕ್ಕೆ ಹತ್ತು ಕೋಶಗಳನ್ನು ಇಟ್ಟು, ಕಾಲದ ಹೆಜ್ಜೆಯನ್ನು ಮಿತಿಯ ಅರ್ಧಕ್ಕೆ ನಿಲ್ಲಿಸಿ ಏಕಪರಿಮಾಣದಲ್ಲಿ ಲೆಕ್ಕ ಮಾಡಿದರೆ, ಜಾಲದ ಮೇಲೆ ತರಂಗವು ಬೆಳಕಿನ ವೇಗದ 0.9873ರಷ್ಟು ವೇಗದಲ್ಲಿ ಮಾತ್ರ ಚಲಿಸುತ್ತದೆ. ಇಪ್ಪತ್ತು ಕೋಶಗಳಿಟ್ಟರೆ 0.9969. ನೋಡಲು ಅಲ್ಪವೆಂದು ತೋರುವ ಈ ಕೊರತೆಯು ದೂರದೊಡನೆ ಒಟ್ಟುಗೂಡುತ್ತ ಹೋಗುತ್ತದೆ. ಹತ್ತು ಕೋಶಗಳ ಜಾಲದಲ್ಲಿ ಒಂದೊಂದು ತರಂಗದೂರಕ್ಕೂ ನಾಲ್ಕೂವರೆ ಡಿಗ್ರಿಗಿಂತ ಹೆಚ್ಚಾಗಿ ಪ್ರಾವಸ್ಥೆಯು ತಪ್ಪುತ್ತದೆ. ಹತ್ತು ತರಂಗದೂರ ನಡೆಯುವುದರೊಳಗಾಗಿ ತಪ್ಪು 46 ಡಿಗ್ರಿ. ತರಂಗದೂರವು ಚಿಕ್ಕದಾದಷ್ಟೂ ಅದರ ಪಾಲಿಗೆ ಸಿಕ್ಕುವ ಕೋಶಗಳು ಕಡಮೆಯಾದ್ದರಿಂದ ಉನ್ನತ ಆವೃತ್ತಿಗಳು ಹೆಚ್ಚು ಹಿಂದುಳಿಯುತ್ತವೆ. ಪ್ರಕೃತಿಯಲ್ಲಿಲ್ಲದ ಈ ವಿಭಜನೆಯು ಕೇವಲ ಅಂಕಗಣಿತದ ಸಂತಾನ.

ಒಂದೇ ಪರದೆಯ ಮೇಲೆ ಹೀಗೆ ಎರಡು ವಿಭಜನೆಗಳು ಏಕಕಾಲದಲ್ಲಿ ಕಾಣುತ್ತವೆ: ಒಂದು ದ್ರವ್ಯದ್ದು, ಇನ್ನೊಂದು ಜಾಲದ್ದು. ಅವುಗಳನ್ನು ಬೇರ್ಪಡಿಸುವ ಗುರುತು ಚಿತ್ರದಲ್ಲಿ ಇರುವುದಿಲ್ಲ. ನೀರಿನ ಉದಾಹರಣೆಯನ್ನೇ ಮುಂದುವರಿಸೋಣ. ಡಿಬೈಯ ಸೂತ್ರದ ಪ್ರಕಾರ ನೀರಿನಲ್ಲಿ 5 ಗಿಗಾಹರ್ಟ್ಸಿನ ಅಂಶವು ತೀರ ಕೆಳಗಿನ ಆವೃತ್ತಿಗಳಿಗಿಂತ ಶೇಕಡ ಎರಡಕ್ಕೆ ಸ್ವಲ್ಪ ಮೇಲ್ಪಟ್ಟು ವೇಗವಾಗಿ ಹೋಗುತ್ತದೆ. ಜಾಲದಲ್ಲಿ ಗಾಳಿಯ ಭಾಗವೂ ಸೇರಿದ್ದರೆ ಕಾಲದ ಹೆಜ್ಜೆಯನ್ನು ಗಾಳಿಯಲ್ಲಿನ ವೇಗಕ್ಕೆ ತಕ್ಕಂತೆ ಚಿಕ್ಕದಾಗಿಯೇ ಇಡಬೇಕಾಗುವುದು. ಆಗ ನೀರಿನೊಳಗೆ ತರಂಗದೂರಕ್ಕೆ ಹತ್ತು ಕೋಶಗಳಿರುವ ಜಾಲವು ಅದೇ ಅಂಶವನ್ನು ಶೇಕಡ 1.7ರಷ್ಟು ನಿಧಾನಗೊಳಿಸುತ್ತದೆ. ಅಂದರೆ ನೀರು ಮುಂದಕ್ಕೆ ತಳ್ಳಿದುದರ ಸುಮಾರು ಮುಕ್ಕಾಲು ಪಾಲನ್ನು ಜಾಲವು ಹಿಂದಕ್ಕೆ ಎಳೆದುಬಿಟ್ಟಿತು. ಲೆಕ್ಕ ಮಾಡಿದವನು ಫಲಿತಾಂಶವನ್ನು ನೋಡಿ, ಈ ಆವೃತ್ತಿಯವರೆಗೆ ನೀರು ಬಹುಮಟ್ಟಿಗೆ ವಿಭಜಕವಲ್ಲವೆಂದೂ, ಸ್ಥಿರಾಂಕವನ್ನು ಸ್ಥಿರವೆಂದೇ ಬಗೆಯಬಹುದೆಂದೂ ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಗಾಜಿನಂತಹ ದ್ರವ್ಯದಲ್ಲಿ ಪ್ರಕರಣವು ತಿರುವುಮುರುವು: ಗೋಚರ ಬೆಳಕಿನ ಕ್ಷೇತ್ರದಲ್ಲಿ ಅಲ್ಲಿ ಉನ್ನತ ಆವೃತ್ತಿಯೇ ನಿಧಾನ; ಜಾಲವೂ ಅದನ್ನೇ ಮಾಡುವುದರಿಂದ ಎರಡೂ ಕೂಡಿಕೊಂಡು ಗಾಜಿನ ಗುಣವು ಉತ್ಪ್ರೇಕ್ಷೆಯಾಗಿ ತೋರುತ್ತದೆ. ಮೊದಲನೆಯ ಬಗೆಯ ತಪ್ಪು ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ. ಉತ್ಪ್ರೇಕ್ಷೆಯನ್ನು ಕಂಡವನಿಗೆ ಅನುಮಾನವಾದರೂ ಬರಬಹುದು. ಮರೆಯಾದುದನ್ನು ಕುರಿತು ಯಾರಿಗೂ ಅನುಮಾನ ಬರುವುದಿಲ್ಲ.

ಇದಕ್ಕೆ ಔಷಧವು ಕಠಿಣವಾದುದಲ್ಲ. ದ್ರವ್ಯವನ್ನು ತೆಗೆದುಹಾಕಿ ಬರಿಯ ಶೂನ್ಯಾವಕಾಶದಲ್ಲಿ ಅದೇ ಸ್ಪಂದವನ್ನು ಅಷ್ಟೇ ಸಂಖ್ಯೆಯ ತರಂಗದೂರ ನಡೆಸಿ ನೋಡುವುದು. ಅನಂತರ ಕೋಶದ ಗಾತ್ರವನ್ನು ಅರ್ಧಕ್ಕೆ ಇಳಿಸಿ ದ್ರವ್ಯಸಹಿತವಾದ ಲೆಕ್ಕವನ್ನು ಮತ್ತೆ ಮಾಡುವುದು. ಮೂರು ಪರಿಮಾಣಗಳಲ್ಲಿ ಕೋಶವನ್ನು ಅರ್ಧ ಮಾಡಿದರೆ ಕೋಶಗಳು ಎಂಟು ಪಟ್ಟಾಗಿ, ಕಾಲದ ಹೆಜ್ಜೆಗಳು ಇಮ್ಮಡಿಯಾಗಿ, ಒಟ್ಟು ದುಡಿಮೆಯು ಹದಿನಾರು ಪಟ್ಟಾಗುವುದು ನಿಜ. ಆದರೆ ಏಕಪರಿಮಾಣದ ಪರೀಕ್ಷೆಗೆ ಅಷ್ಟು ಖರ್ಚಿಲ್ಲ. ಸಾಮಾನ್ಯ ಗಣಕವು ಅದನ್ನು ಕ್ಷಣಮಾತ್ರದಲ್ಲಿ ಮಾಡಿ ಮುಗಿಸುವುದು. ನಾನು ಓದಿದ ವರದಿಗಳಲ್ಲಿ ಈ ಪರೀಕ್ಷೆಯನ್ನು ಮಾಡಿದವು ಬಹು ವಿರಳ.

ಈಗ ದ್ರವ್ಯವನ್ನು ಜಾಲದೊಳಕ್ಕೆ ತರುವ ಪ್ರಶ್ನೆ. ದ್ರವ್ಯದ ಜಡತ್ವವೆಂದರೆ ಅದಕ್ಕೆ ನೆನಪಿದೆ ಎಂದರ್ಥ: ಈ ಕ್ಷಣದ ಧ್ರುವೀಕರಣವು ಈ ಕ್ಷಣದ ಕ್ಷೇತ್ರವೊಂದನ್ನೇ ಅವಲಂಬಿಸದೆ, ಹಿಂದಿನ ಎಲ್ಲ ಕ್ಷಣಗಳ ಕ್ಷೇತ್ರಗಳನ್ನೂ ಅವಲಂಬಿಸಿದೆ. ಹಾಗಾದರೆ ಒಂದೊಂದು ಕೋಶದ ಪೂರ್ವಚರಿತ್ರೆಯನ್ನೂ ಗಣಕವು ಜೋಪಾನ ಮಾಡಬೇಕಾಗುವುದು. ಹತ್ತು ಲಕ್ಷ ಕೋಶಗಳು, ಹತ್ತು ಸಾವಿರ ಹೆಜ್ಜೆಗಳು ಎಂದರೆ ಸಾವಿರ ಕೋಟಿ ಸಂಖ್ಯೆಗಳು. 1990ರಲ್ಲಿ ಲ್ಯೂಬರ್ಸ್ ಮತ್ತು ಅವನ ಸಂಗಡಿಗರು ಈ ತೊಡಕನ್ನು ಬಿಡಿಸಿದರು. ಡಿಬೈಯ ದ್ರವ್ಯದಲ್ಲಿ ನೆನಪು ಘಾತೀಯವಾಗಿ ಮಾಸುತ್ತದೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಹಳೆಯದೆಲ್ಲವೂ ಒಂದೇ ಗುಣಕದಿಂದ ಕುಗ್ಗುತ್ತದೆ. ಕಿರಾಣಿ ಅಂಗಡಿಯವನು ಹಿಂದಿನ ತಿಂಗಳುಗಳ ಚೀಟಿಗಳನ್ನೆಲ್ಲ ಇಟ್ಟುಕೊಳ್ಳದೆ 'ಬಾಕಿ ಮುಂದಕ್ಕೆ ತಂದಿದೆ' ಎಂದು ಒಂದೇ ಮೊಬಲಗನ್ನು ಹೊಸ ಪುಟದ ತಲೆಯಲ್ಲಿ ಬರೆಯುವಂತೆ, ಪ್ರತಿ ಕೋಶಕ್ಕೂ ಒಂದೇ ಸಂಖ್ಯೆಯನ್ನು ಇಟ್ಟು, ಅದನ್ನು ಗುಣಕದಿಂದ ಇಳಿಸಿ, ಹೊಸ ಕ್ಷೇತ್ರದ ಪಾಲನ್ನು ಸೇರಿಸಿದರೆ ತೀರಿತು. ಅವರು ಪರೀಕ್ಷೆಗೆ ಆರಿಸಿಕೊಂಡುದೂ ನೀರನ್ನೇ: ಗಾಳಿಯಿಂದ ನೀರಿನ ಮೇಲೆ ಬೀಳುವ ಒಂದು ಸ್ಪಂದದಿಂದ, ವಿಶಾಲವಾದ ಆವೃತ್ತಿಶ್ರೇಣಿಗೆ ಪ್ರತಿಫಲನಾಂಕವನ್ನು ಒಂದೇ ಲೆಕ್ಕದಲ್ಲಿ ಪಡೆದು ಸಿದ್ಧಾಂತದೊಡನೆ ಹೋಲಿಸಿ ತೋರಿಸಿದರು. ಅದೇ ವರ್ಷ ಜಪಾನಿನಲ್ಲಿ ಕಾಶಿವಾ ಮತ್ತು ಫುಕಾಯ್ ಎಂಬುವರೂ, ಮರುವರ್ಷ ಅಮೆರಿಕದಲ್ಲಿ ಜೋಸೆಫ್, ಹ್ಯಾಗ್ನೆಸ್, ಟಾಫ್ಲೋವ್ ಎಂಬುವರೂ ಇನ್ನೊಂದು ಮಾರ್ಗವನ್ನು ಹಿಡಿದರು: ಧ್ರುವೀಕರಣಕ್ಕೆ ಪ್ರತ್ಯೇಕವಾದ ಅವಕಲ ಸಮೀಕರಣವನ್ನು ಬರೆದು ಅದನ್ನೂ ಮ್ಯಾಕ್ಸ್‌ವೆಲ್ಲನ ಸಮೀಕರಣಗಳ ಜೊತೆಯಲ್ಲಿಯೇ ನಡೆಸುವುದು. ಅನುರಣನವುಳ್ಳ ಲೊರೆಂಟ್ಸ್ ದ್ರವ್ಯಗಳಿಗೆ ಈ ಎರಡನೆಯ ಮಾರ್ಗವೇ ಬೋಧನೆಗೆ ಅನುಕೂಲವೆಂದು ನನಗೆ ತೋರುತ್ತದೆ. ಭೌತಾರ್ಥವು ಇಲ್ಲಿ ಕಣ್ಣಿಗೆ ಕಾಣುವಂತಿರುತ್ತದೆ.

ಈ ಕಾರ್ಯಗಳ ಮೌಲ್ಯವನ್ನು ಕುಂದಿಸುವುದು ನನ್ನ ಉದ್ದೇಶವಲ್ಲ. ಆದರೆ ಅವುಗಳಿಂದ ಒಂದು ಅನಪೇಕ್ಷಿತವಾದ ಪದ್ಧತಿಯು ಬೆಳೆದಿದೆ. ಘಾತೀಯವಾದ ನೆನಪು ಅಂಕಗಣಿತಕ್ಕೆ ಹಿತಕರವೆಂಬ ಒಂದೇ ಕಾರಣದಿಂದ, ಎಲ್ಲ ದ್ರವ್ಯಗಳಿಗೂ ಘಾತೀಯ ನೆನಪುಗಳ ಮೊತ್ತವನ್ನೇ ಆರೋಪಿಸುವುದು ವಾಡಿಕೆಯಾಗಿದೆ. ಕೋಲ್ ಸೋದರರು 1941ರಲ್ಲಿಯೇ ತೋರಿಸಿದಂತೆ ಅನೇಕ ದ್ರವ್ಯಗಳು ಡಿಬೈಯ ಸೂತ್ರಕ್ಕೆ ಒಗ್ಗುವುದಿಲ್ಲ. ಅವುಗಳ ನೆನಪು ಹೆಚ್ಚು ನಿಧಾನವಾಗಿ, ಬೇರೆ ಬಗೆಯಲ್ಲಿ ಮಾಸುತ್ತದೆ. ಜೀವಕೋಶಗಳಿಂದಾದ ಊತಕಗಳು ಇಂಥವು. 1996ರಲ್ಲಿ ಗೇಬ್ರಿಯಲ್ ಮೊದಲಾದವರು ಊತಕಗಳಿಗೆ ಕೊಟ್ಟ ಪ್ರಸಿದ್ಧ ಸೂತ್ರದಲ್ಲಿ ನಾಲ್ಕು ಕೋಲ್-ಕೋಲ್ ಪದಗಳಿವೆ. ಅದನ್ನು ಎರಡು ಮೂರು ಡಿಬೈ ಪದಗಳಿಗೆ ಬಗ್ಗಿಸಿ ಹೊಂದಿಸಿದಾಗ, ಹೊಂದಿಸಿದ ಆವೃತ್ತಿಶ್ರೇಣಿಯ ಹೊರಗೆ ಅದು ಏನನ್ನೂ ಹೇಳಲಾರದು. ಹೊಂದಿಸುವ ತಂತ್ರಾಂಶವು ಕೆಲವೊಮ್ಮೆ ಋಣಚಿಹ್ನೆಯ ಗುಣಾಂಕವನ್ನು ಕೊಡುವುದುಂಟು. ಅದರಿಂದ ಶೋಷಿಸಬೇಕಾದ ದ್ರವ್ಯವು ಯಾವುದಾದರೊಂದು ಆವೃತ್ತಿಯಲ್ಲಿ ಶಕ್ತಿಯನ್ನು ತಾನೇ ಹುಟ್ಟಿಸುವ ಸಂಭವವಿದೆ. ಸ್ವಲ್ಪ ಕಾಲದಲ್ಲಿ ಪರದೆಯ ಮೇಲಿನ ಕ್ಷೇತ್ರವು ಉಬ್ಬಿ ಅನಂತವಾಗುವುದು. ಹಾಗಾದುದನ್ನು ಅದೃಷ್ಟವೆನ್ನಬೇಕು, ತಪ್ಪು ತಾನೇ ಕೂಗಿ ಹೇಳಿತು. ಸ್ವಲ್ಪವೇ ಉಬ್ಬಿ ಲೆಕ್ಕವು ಮುಗಿದುಹೋದರೆ ಕೇಳುವವರಾರು?

ಇಷ್ಟು ದೂರವೂ ಹೋಗಬೇಕಾಗಿಲ್ಲ. ಮುದ್ರಿತ ಮಂಡಲಗಳಿಗೆ ಬಳಸುವ ಎಫ್‌ಆರ್-4 ಎಂಬ ಗಾಜುನಾರಿನ ಹಲಗೆಯನ್ನು ನೋಡಿರಿ. ಕಾಲೇಜುಗಳಲ್ಲಿ ಮಾಡುವ ಆಂಟೆನಾಗಳಲ್ಲಿ ಬಹುಪಾಲು ಇದರ ಮೇಲೆಯೇ. ಸ್ಥಿರಾಂಕ 4.4, ನಷ್ಟಾಂಕ 0.02 ಎಂದು ವರದಿಗಳೆಲ್ಲವೂ ಒಂದೇ ಕಂಠದಿಂದ ಹೇಳುತ್ತವೆ. ಕಾಲಕ್ರಮದ ಲೆಕ್ಕದಲ್ಲಿ ನಷ್ಟಾಂಕವನ್ನು ನೇರವಾಗಿ ಹಾಕಲು ಬಾರದಾದ್ದರಿಂದ, ಅದನ್ನು 2.4 ಗಿಗಾಹರ್ಟ್ಸಿನಲ್ಲಿ ಸಮನಾಗುವಂತೆ ಒಂದು ವಾಹಕತೆಯಾಗಿ, ಅಂದರೆ ಮೀಟರಿಗೆ ಸುಮಾರು 0.012 ಸೀಮನ್ಸ್ ಎಂದು ಮಾರ್ಪಡಿಸುವುದು ಸಾಮಾನ್ಯ. ಹಾಗೆ ಮಾಡಿದೊಡನೆ ನಷ್ಟಾಂಕವು ಆವೃತ್ತಿಗೆ ವಿಲೋಮವಾಗಿಬಿಡುತ್ತದೆ: 1.2 ಗಿಗಾಹರ್ಟ್ಸಿನಲ್ಲಿ 0.04, 4.8ರಲ್ಲಿ 0.01. ನಿಜವಾದ ಹಲಗೆಯು ಹೀಗೆ ವರ್ತಿಸುವುದಿಲ್ಲ. ಅದರ ನಷ್ಟಾಂಕವು ಬಹಳ ದೂರದವರೆಗೆ ಹೆಚ್ಚು ಕಡಮೆ ಒಂದೇ ಸಮನಾಗಿರುತ್ತದೆ. ಹಾಗಾದರೆ ಸ್ಥಿರಾಂಕವನ್ನೂ ನಷ್ಟಾಂಕವನ್ನೂ ಎರಡನ್ನೂ ಸ್ಥಿರವಾಗಿಡಬಹುದೆ? ಅದೂ ಸಲ್ಲದು. ಕ್ರೋನಿಗ್ ಮತ್ತು ಕ್ರಾಮರ್ಸ್ ಇಬ್ಬರೂ 1926-27ರಲ್ಲಿ ತೋರಿಸಿದಂತೆ, ಕಾರ್ಯವು ಕಾರಣಕ್ಕಿಂತ ಮೊದಲು ಬರಕೂಡದೆಂಬ ಒಂದೇ ನಿಯಮದಿಂದ ನಷ್ಟವೂ ವೇಗವೂ ಒಂದಕ್ಕೊಂದು ಕಟ್ಟುಬಿದ್ದಿವೆ. ನಷ್ಟವಿದ್ದ ಕಡೆ ವಿಭಜನೆಯು ಇರಲೇಬೇಕು. ನಷ್ಟಾಂಕವು ವಿಶಾಲ ಶ್ರೇಣಿಯಲ್ಲಿ ಸಮನಾಗಿದ್ದರೆ, ಸ್ಥಿರಾಂಕವು ಆವೃತ್ತಿಯ ಲಘುಗಣಕದೊಡನೆ ಮೆಲ್ಲಮೆಲ್ಲನೆ ಇಳಿಯಲೇಬೇಕು. ಎಫ್‌ಆರ್-4ಕ್ಕೆ ಅಂತಹ ಸೂತ್ರವನ್ನು ಜೋರ್ಜೆವಿಚ್, ಸರ್ಕಾರ್ ಮುಂತಾದವರು 2001ರಲ್ಲಿಯೇ ಕೊಟ್ಟಿದ್ದಾರೆ. ಎರಡನ್ನೂ ಸ್ಥಿರವಾಗಿಟ್ಟ ಲೆಕ್ಕದಲ್ಲಿ ತಂತಿಯ ಆ ತುದಿಗೆ ಸ್ಪಂದವು ಬರಬೇಕಾದ ಕಾಲಕ್ಕಿಂತ ಮುಂಚೆಯೇ ಒಂದು ಸಣ್ಣ ತಲೆಯನ್ನು ಹೊರಚಾಚುವುದನ್ನು ಕಾಣಬಹುದು. ಒಂದೇ ಕಿರಿದಾದ ಆವೃತ್ತಿಯಲ್ಲಿ ದುಡಿಯುವ ಆಂಟೆನಾಕ್ಕೆ ಇದರಿಂದ ದೊಡ್ಡ ಬಾಧಕವಿಲ್ಲವೆಂಬುದನ್ನು ಒಪ್ಪತಕ್ಕದ್ದೇ. ಆದರೆ ವಿಶಾಲಶ್ರೇಣಿಯ ಆಂಟೆನಾ ಎಂದು ತಲೆಬರಹವಿಟ್ಟು ಒಳಗೆ ಒಂದೇ ಸಂಖ್ಯೆಯನ್ನಿಡುವುದು ತನ್ನ ಮಾತನ್ನು ತಾನೇ ಅಲ್ಲಗಳೆದಂತೆ.

ಕುಂದಲಹಳ್ಳಿಯ ನೆಲಕ್ಕೇ ಈ ಮಾತನ್ನು ಅನ್ವಯಿಸಿ ನೋಡೋಣ. ಆ ಊರಿನ ಮೇಲೆ ಹಾಯುವ ಮೆಟ್ರೋ ಮಾರ್ಗವು 2023ರ ಮಾರ್ಚಿಯಲ್ಲಿ ತೆರೆಯಿತು. ರಸ್ತೆಗಳು ಹಲವು ಸಲ ಅಗೆಯಲ್ಪಟ್ಟಿವೆ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ದೂರವಾಣಿಯ ತಂತಿ ಇವೆಲ್ಲವೂ ಒಂದರ ಮೇಲೊಂದು ಹೂತಿರುವ ಇಂತಹ ನೆಲವನ್ನು ಅಗೆಯುವ ಮುನ್ನ ನೆಲದೊಳಗನ್ನು ನೋಡುವ ರೇಡಾರನ್ನು ಬಳಸುವುದುಂಟು. ಮೇಲಿನಿಂದ ಕಳುಹಿಸಿದ ಸ್ಪಂದವು ಕೊಳವೆಗೆ ತಾಗಿ ಹಿಂದಿರುಗುವ ಕಾಲವನ್ನು ಅಳೆದು ಆಳವನ್ನು ಲೆಕ್ಕ ಹಾಕುತ್ತಾರೆ. ಪ್ರತಿಧ್ವನಿಯು 20 ನ್ಯಾನೋಸೆಕೆಂಡಿಗೆ ಬಂತೆನ್ನೋಣ. ಮಣ್ಣಿನ ಸ್ಥಿರಾಂಕವನ್ನು 9 ಎಂದಿಟ್ಟುಕೊಂಡರೆ ಕೊಳವೆಯು ಒಂದು ಮೀಟರು ಆಳದಲ್ಲಿದೆ. 16 ಎಂದಿಟ್ಟುಕೊಂಡರೆ ಮುಕ್ಕಾಲು ಮೀಟರು. ಒಣ ಕೆಮ್ಮಣ್ಣಿಗೂ ಮಳೆಗಾಲದ ಕೆಮ್ಮಣ್ಣಿಗೂ ಇಷ್ಟು ವ್ಯತ್ಯಾಸವಿರುವುದು ಸಹಜ. ಮಣ್ಣಿನ ತೇವಕ್ಕೂ ಅದರ ಸ್ಥಿರಾಂಕಕ್ಕೂ ಇರುವ ಸಂಬಂಧವನ್ನು ಟಾಪ್ ಮೊದಲಾದವರು 1980ರಲ್ಲಿ ಒಂದು ಸೂತ್ರವಾಗಿ ಕೊಟ್ಟಿರುವರು. ಈ ಕಾಲು ಮೀಟರಿನ ಅಂತರದಲ್ಲಿ ಹಾರೆಯ ಏಟು ಕೇಬಲ್ಲಿಗೆ ಬೀಳುವುದೋ ಬೀಳದಿರುವುದೋ ನಿಶ್ಚಯವಾಗುತ್ತದೆ. ಹಾರೆ ಹಿಡಿದ ಕೂಲಿಯವನ ಪ್ರಾಣವೂ ಅದರೊಡನೆಯೇ.

ನಷ್ಟದ ವಿಚಾರವು ಇನ್ನೂ ತೀವ್ರ. ರೇಡಾರಿನ ಆವೃತ್ತಿಯು 400 ಮೆಗಾಹರ್ಟ್ಸು, ಮಣ್ಣಿನ ವಾಹಕತೆಯು ಮೀಟರಿಗೆ 0.005 ಸೀಮನ್ಸ್, ಸ್ಥಿರಾಂಕ 9 ಎಂದಾದರೆ, ಒಂದು ಮೀಟರು ಇಳಿದು ಹಿಂದಿರುಗುವಾಗ ಸ್ಪಂದದ ವಿಸ್ತಾರವು ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಗಿ ಉಳಿಯುತ್ತದೆ. ಕೆರೆಯಂಚಿನ ತೇವದ ಜೇಡಿಯಲ್ಲಿ ವಾಹಕತೆಯು ಹತ್ತು ಪಟ್ಟಾಗಿ ಸ್ಥಿರಾಂಕವು 16 ಆದರೆ, ಅದೇ ದೂರದಲ್ಲಿ ಉಳಿಯುವುದು ನೂರರಲ್ಲಿ ಒಂದು ಪಾಲಿಗೂ ಕಡಮೆ. ಜೇಡಿಯ ಕಣಗಳಿಗೆ ಅಂಟಿಕೊಂಡ ನೀರು ಬಿಡುನೀರಿನಂತೆ 20 ಗಿಗಾಹರ್ಟ್ಸಿನಲ್ಲಿ ವಿಶ್ರಮಿಸದೆ ಅದಕ್ಕಿಂತ ಬಹಳ ಕೆಳಗೆ ವಿಶ್ರಮಿಸುವುದರಿಂದ, ಈ ಕೆಳ ಆವೃತ್ತಿಗಳಲ್ಲಿಯೂ ವಿಭಜನೆ ತಲೆದೋರುತ್ತದೆ; ಸ್ಪಂದದ ಚೂಪಾದ ತುದಿಯು ಮೊಂಡಾಗಿ, ಅದು ಬಂದ ಕ್ಷಣವನ್ನು ಗುರುತಿಸುವುದೇ ಕಷ್ಟವಾಗುತ್ತದೆ. ಬೇಸಿಗೆಯ ಒಣ ಮಣ್ಣಿನಲ್ಲಾದರೆ ಇಷ್ಟೆಲ್ಲ ಜಂಜಡ ಬೇಕಾಗಿಲ್ಲ, ಒಂದೇ ಸಂಖ್ಯೆ ಸಾಕು. ಯಾವಾಗ ಸಾಕು, ಯಾವಾಗ ಸಾಲದು ಎಂಬ ವಿವೇಚನೆಯನ್ನೇ ನಾನು ವರದಿಗಳಲ್ಲಿ ಹುಡುಕಿದ್ದು. ನಾನು ಓದಿದ ಇಂತಹದೊಂದು ವರದಿಯಲ್ಲಿ ಮಣ್ಣಿನ ಬೆಲೆಗಳನ್ನು ಹೊರದೇಶದ ಮರಳುನೆಲದ ಕೋಷ್ಟಕದಿಂದ ಎತ್ತಿಕೊಂಡಿದ್ದರು. ಕಾಲೇಜಿನ ಆವರಣದಲ್ಲಿಯೇ ಗುದ್ದಲಿಗೆ ಸಿಗುವ ಮಣ್ಣನ್ನು ಯಾರೂ ಮುಟ್ಟಿರಲಿಲ್ಲ.

ಬೆಂಗಳೂರಿನಲ್ಲಿ ಈ ಶಾಸ್ತ್ರದ ಪರಂಪರೆಯು ಇಷ್ಟು ಬಡವಾದುದಲ್ಲ. 1922ರಲ್ಲಿ ಜನಿಸಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂದಿರುಗಿದ ರಾಜೇಶ್ವರಿ ಚಟರ್ಜಿಯವರು, ತಮ್ಮ ಪತಿ ಎಸ್. ಕೆ. ಚಟರ್ಜಿಯವರೊಡನೆ ಅಲ್ಲಿ ಸೂಕ್ಷ್ಮತರಂಗ ಸಂಶೋಧನೆಯನ್ನು ಕಟ್ಟಿದರು. ಪರಾವೈದ್ಯುತ ಆಂಟೆನಾಗಳನ್ನು ಕುರಿತ ಗ್ರಂಥವೂ ಅವರದಿದೆ. ವಿಸ್ತಾರವಾದ ಗಣಕಸೌಲಭ್ಯವಿಲ್ಲದ ಆ ಮೊದಲ ದಶಕಗಳಲ್ಲಿ ಲೆಕ್ಕವೆಂದರೆ ಮೊದಲು ಸಮೀಕರಣವನ್ನು ಕಾಗದದ ಮೇಲೆ ಬಿಡಿಸಬೇಕು. ಬಿಡಿಸಬೇಕಾದರೆ ದ್ರವ್ಯವನ್ನು ಕುರಿತು ಏನನ್ನು ಊಹಿಸಿಕೊಂಡಿದ್ದೇವೆ ಎಂಬುದನ್ನು ಮೊದಲ ಪುಟದಲ್ಲಿಯೇ ಬರೆಯಬೇಕು. ಊಹೆಯು ತಪ್ಪಾಗಿರಬಹುದಾಗಿತ್ತು, ಮರೆಯಾಗಿರುತ್ತಿರಲಿಲ್ಲ. ಆ ವಿಧಾನಕ್ಕೆ ಹಿಂದಿರುಗಬೇಕೆಂದು ನಾನು ಹೇಳುತ್ತಿಲ್ಲ. ಅದರಿಂದ ಸಿಲಿಂಡರು, ಗೋಳ, ಹಲಗೆ ಮುಂತಾದ ಕೆಲವೇ ಆಕಾರಗಳನ್ನು ಬಿಡಿಸಬಹುದಾಗಿತ್ತು, ಮನುಷ್ಯನ ತಲೆಯನ್ನೋ ವಿಮಾನದ ಮೂಗನ್ನೋ ಬಿಡಿಸಲಾಗುತ್ತಿರಲಿಲ್ಲ. ಕುಂದಲಹಳ್ಳಿಯಿಂದ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ ನಗರದ ಕಡೆಗೆ ಬಂದರೆ ಸಿಗುವ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೇಡಾರಿನ ಹೊದಿಕೆಗಳನ್ನೂ ಶೋಷಕಗಳನ್ನೂ ಕುರಿತು ನಡೆದಿರುವ ಗಣಕಕಾರ್ಯವು ಇಂತಹ ಆಕಾರಗಳಿಗೆ ಸಂಬಂಧಿಸಿದ್ದು. ಗಣಕಶಕ್ತಿಗೂ ನಮ್ಮಲ್ಲಿ ಬರವಿಲ್ಲ. 2022ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಯಂತ್ರವು 3.3 ಪೆಟಾಫ್ಲಾಪ್ ಸಾಮರ್ಥ್ಯವುಳ್ಳದ್ದು. ಬರವಿರುವುದು ಅಳತೆಗೆ.

ಅಳತೆಯ ಸಲಕರಣೆಯಾದರೂ ಇಲ್ಲವೆ ಎಂದರೆ, ಇದೆ. ದೂರಸಂಪರ್ಕ ವಿಭಾಗವಿರುವ ಕಾಲೇಜುಗಳಲ್ಲಿ ಕ್ಲೈಸ್ಟ್ರಾನ್ ಅಥವಾ ಗನ್ ಡಯೋಡಿನಿಂದ ನಡೆಯುವ ಎಕ್ಸ್-ಬ್ಯಾಂಡಿನ ಪ್ರಯೋಗಪೀಠವೊಂದು ಇದ್ದೇ ಇರುತ್ತದೆ. ಸೆಮಿಸ್ಟರಿಗೆ ಎರಡು ಸಲ ಅದರ ಮೇಲೆ ಸ್ಥಾಯೀತರಂಗದ ಅನುಪಾತವನ್ನು ಅಳೆದು, ಉಳಿದ ದಿನಗಳಲ್ಲಿ ಬಟ್ಟೆ ಹೊದಿಸಿ ಇಟ್ಟಿರುತ್ತಾರೆ. ರಾಬರ್ಟ್ಸ್ ಮತ್ತು ಫಾನ್ ಹಿಪ್ಪೆಲ್ 1946ರಲ್ಲಿ ವರ್ಣಿಸಿದ ವಿಧಾನಕ್ಕೆ ಇಷ್ಟೇ ಸಾಕು: ತರಂಗನಾಳದ ತುದಿಯನ್ನು ಲೋಹದ ತಟ್ಟೆಯಿಂದ ಮುಚ್ಚಿ, ಸ್ಥಾಯೀತರಂಗದ ಕನಿಷ್ಠಬಿಂದುವನ್ನು ಗುರುತಿಸಿಕೊಳ್ಳುವುದು, ಬಳಿಕ ತುದಿಯಲ್ಲಿ ದ್ರವ್ಯದ ತುಂಡನ್ನು ಬಿಗಿಯಾಗಿ ಕೂರಿಸಿ, ಕನಿಷ್ಠಬಿಂದುವು ಎಷ್ಟು ಸರಿಯಿತು, ಅನುಪಾತವು ಎಷ್ಟು ಬದಲಾಯಿತು ಎಂದು ನೋಡುವುದು. ಸರಿದ ದೂರದಿಂದ ಸ್ಥಿರಾಂಕವೂ, ಅನುಪಾತದಿಂದ ನಷ್ಟವೂ ದೊರೆಯುತ್ತವೆ. ನಾಳದ ಒಳ ಅಳತೆ 22.86 ಮಿಲಿಮೀಟರಿಗೆ 10.16. ಎಫ್‌ಆರ್-4 ಹಲಗೆಯನ್ನು ಈ ಅಳತೆಗೆ ಅರದಿಂದ ಉಜ್ಜಿ ಕೂರಿಸಲು ಒಂದು ಮಧ್ಯಾಹ್ನ ಬೇಕು. ತುಂಡಿಗೂ ಗೋಡೆಗೂ ನಡುವೆ ಸಂದು ಬಿಟ್ಟರೆ ಬೆಲೆಯು ಕಡಮೆಯಾಗಿ ಬರುತ್ತದೆಂಬುದನ್ನು ವಿದ್ಯಾರ್ಥಿಯು ಅಲ್ಲಿಯೇ ಕಲಿಯುತ್ತಾನೆ. ಹಲಗೆಯು 10 ಗಿಗಾಹರ್ಟ್ಸಿನ ಬಳಿ ಕೊಡುವ ಬೆಲೆಯನ್ನು 4.4ರ ಪಕ್ಕದಲ್ಲಿ ಬರೆದಿಟ್ಟು, ಅನಂತರ ಗಣಕದ ಬಳಿಗೆ ಹೋಗಲಿ.

ಮಣ್ಣಿಗೂ ಇದೇ ಕ್ರಮ. ಆವೃತ್ತಿಯು ಬೇರೆಯಾದ್ದರಿಂದ ಇದು ರೇಡಾರಿನ ಲೆಕ್ಕಕ್ಕೆ ನೇರವಾಗಿ ಒದಗುವುದಿಲ್ಲವಾದರೂ, ತೇವದೊಡನೆ ಬೆಲೆಯು ಹೇಗೆ ಏರುವುದೆಂಬುದು ಕೈಗೆ ತಿಳಿಯುತ್ತದೆ. ಕೆರೆಯಂಚಿನ ಒಂದು ಬೊಗಸೆ ಮಣ್ಣನ್ನು 105 ಡಿಗ್ರಿಯ ಒಲೆಯಲ್ಲಿ ಒಂದು ದಿನ ಒಣಗಿಸಿ ತೂಗಿ, ತೂಕಕ್ಕೆ ತಕ್ಕಷ್ಟು ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ, ನಾಳವನ್ನು ನೆಟ್ಟಗೆ ನಿಲ್ಲಿಸಿ ಒಂದೇ ಒತ್ತಡದಿಂದ ತುಂಬಿ, ಪ್ರತಿ ಸಲವೂ ಕನಿಷ್ಠಬಿಂದುವಿನ ಸ್ಥಾನವನ್ನು ಗುರುತು ಹಾಕಿಕೊಳ್ಳಬೇಕು. ಐದಾರು ಬಿಂದುಗಳ ವಕ್ರರೇಖೆಯೊಂದು ದೊರೆಯುತ್ತದೆ. ಯೋಜನಾವರದಿಯ ಮೊದಲನೆಯ ಚಿತ್ರವಾಗಿ ಅದನ್ನು ಕೊಟ್ಟ ವಿದ್ಯಾರ್ಥಿಗೆ, ಮುಂದಿನ ಬಣ್ಣದ ಚಿತ್ರಗಳು ಎಷ್ಟೇ ಕಡಮೆಯಿದ್ದರೂ, ಪರೀಕ್ಷಕನಾಗಿ ನಾನು ಹೆಚ್ಚಿನ ಅಂಕಗಳನ್ನೇ ಕೊಡುವೆನು.